ತುಮಕೂರಿಂದ ಯೂಕಾನ್ ಕಾಡಿಗೆ ಟೆಂಟು ಕಟ್ಕೊಂಡು ಮನೆಮಂದಿಯೆಲ್ಲಾ: ಎಲ್ರೂ ಕೇಳೋ ಪ್ರಶ್ನೆಗಳು

ಕೆನಡಾದ ಉತ್ತರದ ತುದೀಲಿ, ಅಲಾಸ್ಕಾ ಪಕ್ಕದಲ್ಲಿರೋ ಯೂಕಾನ್‌ಗೆ ಹೋಗಿ ವಾಪಸ್ ಬಂದ್ಮೇಲೆ ಎಸ್‌ಎಸ್ ಪುರಂ ಮನೆಗೆ ಬಂದೋರು, ಮದುವೆ ಮನೇಲಿ ಸಿಕ್ಕೋರು, ಮಕ್ಕಳ ಸ್ಕೂಲ್ ಗೇಟಲ್ಲಿ ನಿಂತ ಅಮ್ಮಂದಿರು ಎಲ್ರೂ ಹೆಚ್ಚುಕಮ್ಮಿ ಇವನ್ನೇ ಕೇಳ್ತಿದ್ರು. ಇಬ್ರು ಮೂವರು ಮುಂದಿನ ವರ್ಷ ನಿಜವಾಗ್ಲೂ ಹೊರಡೋ ಯೋಚನೇಲಿ ಇದಾರೆ, ಅವ್ರಿಗೆ ಉಪಯೋಗ ಆಗ್ಲಿ ಅಂತ ಒಂದೇ ಕಡೆ ಬರ್ದಿದೀನಿ. ನಾವು ಹೋಗಿದ್ದು ಆರು ಜನ: ನಾನು, ನಮ್ಮೆಜಮಾನ್ರು, ಹನ್ನೊಂದು ವರ್ಷದ ಮಗಳು, ಏಳು ವರ್ಷದ ಮಗ, ನಮ್ಮತ್ತೆ, ಆಮೇಲೆ ಕೆನಡಾದ ಎಡ್ಮಂಟನ್ ಸಿಟೀಲಿ ಕೆಲಸ ಮಾಡೋ ನನ್ನ ತಮ್ಮ.

ಯಾವ ದಾರಿ ಹಿಡ್ಕೊಂಡು ಹೋದ್ರಿ, ಎಷ್ಟು ದಿನ?

ಎಡ್ಮಂಟನ್‌ನಿಂದ ಡಾಸನ್ ಕ್ರೀಕ್, ಅಲ್ಲಿಂದ ಅಲಾಸ್ಕಾ ಹೈವೇ. ಫೋರ್ಟ್ ನೆಲ್ಸನ್, ಮಂಚೋ ಲೇಕ್, ಲಿಯರ್ಡ್ ಬಿಸಿನೀರಿನ ಬುಗ್ಗೆ, ವಾಟ್ಸನ್ ಲೇಕ್, ವೈಟ್‌ಹಾರ್ಸ್, ಕೊನೆಗೆ ಕ್ಲುವಾನಿ ಸರೋವರ. ಬರೋವಾಗ ಬೇರೆ ದಾರಿ, ವಾಟ್ಸನ್ ಲೇಕ್ ಹತ್ರ 37ನೇ ನಂಬರ್ ಹೈವೇಗೆ ಇಳ್ದು ಪ್ರಿನ್ಸ್ ಜಾರ್ಜ್, ಜಾಸ್ಪರ್ ಮೇಲೆ ಮತ್ತೆ ಎಡ್ಮಂಟನ್. 24 ದಿನ, 5 ಸಾವಿರ ಕಿಲೋಮೀಟರ್‌ಗೆ ಸ್ವಲ್ಪ ಮೇಲೆ. ಡಾಸನ್ ಕ್ರೀಕ್ ಬೇರೆ, ಡಾಸನ್ ಸಿಟಿ ಬೇರೆ, ಬುಕಿಂಗ್ ಮಾಡೋವಾಗ ನೋಡ್ಕೊಳ್ಳಿ. ಡಾಸನ್ ಸಿಟಿ ಅನ್ನೋದು ಚಿನ್ನ ಹುಡುಕೋಕೆ ಜನ ನುಗ್ಗಿದ ಊರು, ಅದು ಇನ್ನೂ ಎಷ್ಟೋ ಉತ್ತರಕ್ಕಿದೆ.

ಅಲಾಸ್ಕಾ ಹೈವೇ ಎರಡನೇ ಮಹಾಯುದ್ಧದ ಟೈಮಲ್ಲಿ, 1942ರಲ್ಲಿ, ಅಮೆರಿಕದ ಸೈನ್ಯ ಕಾಡು ಕಡಿದು ಕೆಲವೇ ತಿಂಗಳಲ್ಲಿ ಮಾಡಿದ ರಸ್ತೆ. ಈಗ ಸುಮಾರು 2,200 ಕಿಲೋಮೀಟರ್ ಇದೆ, ಬೆಂಗಳೂರಿಂದ ದಿಲ್ಲಿಗೆ ರಸ್ತೇಲಿ ಹೋದಷ್ಟು ಅನ್ಕೊಳ್ಳಿ, ಆದ್ರೆ ಮಧ್ಯೆ ಊರುಗಳೇ ಇಲ್ಲ. ಯೂಕಾನ್ ನಮ್ಮ ಕರ್ನಾಟಕದ ಎರಡೂವರೆಯಷ್ಟು ದೊಡ್ಡದು, ಇರೋ ಜನ 50 ಸಾವಿರಕ್ಕಿಂತ ಕಮ್ಮಿ. ನಮ್ಮ ತುಮಕೂರು ಸಿಟಿ ಒಂದರಲ್ಲೇ 2011ರ ಜನಗಣತೀಲಿ 3 ಲಕ್ಷ ದಾಟಿತ್ತು. ಈ ಲೆಕ್ಕ ತಲೇಲಿ ಇಟ್ಕೊಂಡೇ ಪ್ಲಾನ್ ಮಾಡಬೇಕು, ಯಾಕಂದ್ರೆ ಏನಾದ್ರೂ ಮರೆತ್ರೆ ಪಕ್ಕದಂಗಡಿಗೆ ಹೋಗಿ ತರ್ತೀನಿ ಅನ್ನೋ ಮಾತೇ ಇಲ್ಲ.

ಏಪ್ರಿಲ್ ಮೇ ರಜಾದಲ್ಲಿ ಹೋಗಿ ಬರಬಹುದಾ, ಸ್ಕೂಲ್ ಯಾಕೆ ಹಾಳ್ಮಾಡ್ಬೇಕು?

ಆಗಲ್ಲ. ನಮಗೆ ಸೆಕೆಗಾಲ ಆದ್ರೂ ಅಲ್ಲಿ ಮೇ ತಿಂಗಳಲ್ಲಿ ದೊಡ್ಡ ಸರೋವರಗಳ ಮೇಲೆ ಇನ್ನೂ ಮಂಜುಗಡ್ಡೆ ಇರುತ್ತೆ, ಕ್ಯಾಂಪ್‌ಗ್ರೌಂಡ್‌ಗಳು ಆಗತಾನೇ ತೆರೀತಿರ್ತವೆ, ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ದಸರಾ ರಜ ಅಂದ್ರೆ ಆಗ್ಲೇ ಹಿಮ ಶುರು. ಜೂನ್ ಮಧ್ಯದಿಂದ ಆಗಸ್ಟ್ ಕೊನೆ ತನಕ, ಅಷ್ಟೇ ಸೀಸನ್ನು. ನಾವು ಸ್ಕೂಲಲ್ಲಿ ಮೊದಲೇ ಹೋಗಿ ಮಾತಾಡಿ ಜೂನಲ್ಲಿ ರಜ ಹಾಕಿಸಿದ್ವಿ, ಬಂದ್ಮೇಲೆ ನೋಟ್ಸ್ ಬರ್ಕೊಳ್ಳೋಕೆ ಎರಡು ವಾರ ಹಿಡೀತು, ಅಷ್ಟೇ.

ವೀಸಾ, ಲೈಸೆನ್ಸು?

ಕೆನಡಾಗೆ ವಿಸಿಟರ್ ವೀಸಾ ಬೇಕು, ಬೆರಳಚ್ಚು ಕೊಡ್ಬೇಕು. ಅಲಾಸ್ಕಾ ಒಳಗೂ ಹೋಗೋದಾದ್ರೆ ಅಮೆರಿಕದ ವೀಸಾ ಬೇರೆ, ನಮಗೆ ಅದಿರ್ಲಿಲ್ಲ, ಅದಕ್ಕೇ ಕ್ಲುವಾನಿಯಿಂದ ತಿರುಗಿದ್ವಿ. ನಮ್ಮ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೊಡ್ತಾರೆ, ಒಂದು ವರ್ಷ ನಡೆಯುತ್ತೆ, ಜೊತೆಗೆ ಒರಿಜಿನಲ್ ಲೈಸೆನ್ಸೂ ಇರಬೇಕು. ಗಾಡಿ ಬಲಗಡೆ ಓಡಿಸ್ಬೇಕು. ಚಿಕ್ಕ ಮಕ್ಕಳಿಗೆ ಬೂಸ್ಟರ್ ಸೀಟು ಕಡ್ಡಾಯ, ಬ್ರಿಟಿಷ್ ಕೊಲಂಬಿಯಾದಲ್ಲಿ 9 ವರ್ಷ ಇಲ್ಲಾ 145 ಸೆಂಟಿಮೀಟರ್ ಎತ್ತರ ಆಗೋ ತನಕ.

ಟೆಂಟಲ್ಲಿ ಮಲಗ್ತಿದ್ರಾ? ಕರಡಿ ಬರಲ್ವಾ?

ಎಲ್ಲರ ಮೊದಲನೇ ಪ್ರಶ್ನೆ ಇದೇ, ನನ್ನ ಮೊದಲನೇ ಪ್ರಶ್ನೇನೂ ಇದೇ ಆಗಿತ್ತು. ಅಲ್ಲಿ ಎರಡು ಥರ ಕರಡಿ ಇದೆ, ಕಪ್ಪು ಕರಡಿ ಮತ್ತೆ ಗ್ರಿಜ್ಲಿ. ಕಪ್ಪು ಕರಡಿ ಅಂತ ಹೆಸರಿದ್ರೂ ಕೆಲವು ಕಂದು ಬಣ್ಣದಲ್ಲೂ ಇರ್ತವೆ, ಅದಕ್ಕೆ ಬಣ್ಣ ನೋಡ್ಬಾರ್ದು, ಭುಜದ ಮೇಲೆ ಗೂನು ಇದ್ಯಾ ನೋಡ್ಬೇಕು, ಗೂನಿದ್ರೆ ಗ್ರಿಜ್ಲಿ.

ತಮ್ಮ ಹೊರಡೋ ಮೊದಲೇ ನಮ್ಮನ್ನೆಲ್ಲಾ ಕೂರಿಸ್ಕೊಂಡು ಒಂದೇ ಮಾತು ಹೇಳ್ದ: ಅಕ್ಕಾ, ಕರಡಿ ಜನ ತಿನ್ನೋಕೆ ಬರಲ್ಲ, ವಾಸನೆ ಹಿಡ್ಕೊಂಡು ಬರುತ್ತೆ, ನಾವು ವಾಸನೆ ಬಿಡದಿದ್ರೆ ಅದಕ್ಕೆ ನಮ್ಮ ಟೆಂಟಲ್ಲಿ ಏನೂ ಕೆಲಸ ಇಲ್ಲ. ಆಮೇಲೆ ಇನ್ನೊಂದು ಮಾತು, ಅದು ನನ್ನ ಮನಸ್ಸಲ್ಲಿ ಹಂಗೇ ನಿಂತ್ಬಿಟ್ಟಿದೆ. ಒಂದ್ಸಲ ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತೆ, ಹೆದರಿಕೆ ಬಿಡುತ್ತೆ, ಕೊನೆಗೆ ಅಲ್ಲಿನ ಅರಣ್ಯದೋರು ಅದನ್ನ ಕೊಲ್ಲಬೇಕಾಗುತ್ತೆ. ಅಂದ್ರೆ ನಾವು ಬಿಟ್ಟ ಒಂದು ತಟ್ಟೆ ಅನ್ನಕ್ಕೆ ಅದರ ಪ್ರಾಣ ಹೋಗುತ್ತೆ. ಇದನ್ನ ಕೇಳಿದ್ಮೇಲೆ ಮಗಳು ಪ್ರತಿ ರಾತ್ರಿ ತಾನೇ ಟಾರ್ಚ್ ಹಿಡ್ಕೊಂಡು ಟೇಬಲ್ ಕೆಳಗೆ ಬಗ್ಗಿ ಬಗ್ಗಿ ನೋಡೋಳು, ಕಾಳು ಬಿದ್ದಿದ್ಯಾ ಅಂತ.

ಹಾಗಾಗಿ ಟೆಂಟೊಳಗೆ ಬರೀ ಹಾಸಿಗೆ, ಬಟ್ಟೆ, ಕುಡಿಯೋ ನೀರು. ಊಟದ ಸಾಮಾನು, ಪಾತ್ರೆ, ಸ್ಟವ್, ಕಸ ಎಲ್ಲಾ ಗಾಡಿ ಒಳಗೆ ಇಲ್ಲಾ ಕ್ಯಾಂಪ್‌ಗ್ರೌಂಡಲ್ಲಿರೋ ಕಬ್ಬಿಣದ ಪೆಟ್ಟಿಗೇಲಿ. ಟೂತ್‌ಪೇಸ್ಟು, ಸೋಪು, ವಿಕ್ಸು, ಊದುಬತ್ತಿ ಕೂಡ ಗಾಡಿಗೇ. ನಮ್ಮತ್ತೆಗೆ ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದೆ ನಿದ್ದೆ ಬರಲ್ಲ, ತಿಪಟೂರಿನ ಗಾಣದ ಎಣ್ಣೆ ಬಾಟಲಿ ಬ್ಯಾಗಲ್ಲೇ ತಂದಿದ್ರು. ಅದನ್ನ ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ತೊಳ್ಕೊಳ್ಳೋದು, ಬಾಟಲಿ ರಾತ್ರಿ ಗಾಡೀಲಿ ಅಂತ ಒಪ್ಕೊಂಡ್ರು. ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗಳಲ್ಲಿ ಊಟದ ಡಬ್ಬಿ ಹೊರಗೆ ಬಿಟ್ಟು ಹೋದ್ರೆ ಸಿಬ್ಬಂದಿ ಎತ್ಕೊಂಡು ಹೋಗ್ತಾರೆ, ಜಾಗ ಖಾಲಿ ಮಾಡಿಸ್ಬಹುದು, ಅದು ಸರಿಯಾದ ಕಾನೂನು.

ಹಂಗಾದ್ರೆ ಅಡುಗೆ? ಒಗ್ಗರಣೆ ಇಲ್ದೆ ನಮ್ಮೋರು ಊಟ ಮಾಡ್ತಾರಾ?

ಒಗ್ಗರಣೆ ಹಾಕ್ತಿದ್ವಿ, ಟೆಂಟ್ ಹಾಕೋ ಜಾಗದಲ್ಲಿ ಅಲ್ಲ. ಮಧ್ಯಾಹ್ನ ದಾರೀಲಿ ಹೈವೇ ಪಕ್ಕದ ರೆಸ್ಟ್ ಏರಿಯಾದಲ್ಲಿ ಗಾಡಿ ನಿಲ್ಲಿಸಿ ಸ್ಟವ್ ಹಚ್ಚಿ ಅಲ್ಲೇ ಸಾಸಿವೆ ಕರಿಬೇವು ಇಂಗು ಎಲ್ಲಾ ಚಟಪಟ ಅನ್ನಿಸಿ ಹೊಟ್ಟೆ ತುಂಬ ತಿಂದು, ಪಾತ್ರೆ ತೊಳ್ದು, ಆಮೇಲೆ ಇನ್ನೂ ನೂರು ಕಿಲೋಮೀಟರ್ ಮುಂದೆ ಹೋಗಿ ಟೆಂಟು. ದೊಡ್ಡ ಅಡುಗೆ ಒಂದು ಕಡೆ, ಮಲಗೋದು ಇನ್ನೊಂದು ಕಡೆ. ಒಗ್ಗರಣೆ ಹಾಕಿದಾಗ ಉಟ್ಕೊಂಡಿದ್ದ ಬಟ್ಟೇಲಿ ಮಲಗ್ತಿರ್ಲಿಲ್ಲ.

ರಾತ್ರಿಗೆ ನಮ್ಮನ್ನ ಕಾಪಾಡಿದ್ದು ಹುರಿಹಿಟ್ಟು. ರಾಗಿ ಅರಳಿಸಿ ಬೀಸಿದ್ದು, ಬಿಸಿನೀರು ಬೆಲ್ಲ ಹಾಕಿ ಕಲಸಿದ್ರೆ ಊಟ ಆಯ್ತು, ಹೊಗೆ ಇಲ್ಲ, ಎಣ್ಣೆ ಇಲ್ಲ, ಪಾತ್ರೆ ಒಂದೇ. ಅತ್ತೆ ಊರಲ್ಲೇ ಎರಡು ಕೇಜಿ ಮಾಡಿಸಿ ತಂದಿದ್ರು. ಏರ್‌ಪೋರ್ಟಲ್ಲಿ ಊಟದ ಸಾಮಾನು ಏನಿದ್ರೂ ಫಾರ್ಮಲ್ಲಿ ಬರ್ದು ಡಿಕ್ಲೇರ್ ಮಾಡಿ, ಹಾಲಿನದ್ದು, ಮಾಂಸದ್ದು, ಹಸಿ ಹಣ್ಣು ತರಕಾರಿ ತಗೊಂಡು ಹೋಗೋಕೇ ಹೋಗ್ಬೇಡಿ. ರಾಗಿಹಿಟ್ಟು, ಬೇಳೆ ಎಲ್ಲಾ ಎಡ್ಮಂಟನ್‌ನ ಇಂಡಿಯನ್ ಅಂಗಡೀಲಿ ಸಿಗುತ್ತೆ. ಮುದ್ದೆ ಎರಡೇ ಸಲ ಮಾಡಿದ್ದು, ಮುದ್ದೆ ತಿರುವಿದ ಪಾತ್ರೆ ತಣ್ಣೀರಲ್ಲಿ ತೊಳ್ಯೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಲ್ಲ, ತಳದ ಸೀಕು ಪೂರ್ತಿ ಹೆರೆದು ಕಸದ ಕವರಿಗೆ ಹಾಕ್ಬೇಕು, ನೆಲಕ್ಕೆ ಚೆಲ್ಲಂಗಿಲ್ಲ.

ಅತ್ತೆಗೆ ಒಂದು ವಿಷಯ ಬೇಜಾರಾಯ್ತು. ಊಟಕ್ಕೆ ಮೊದಲು ಕಾಗೆಗೆ ಒಂದು ತುತ್ತು ಇಡೋದು ಅವರು ಬಿಡದೆ ನಡೆಸ್ಕೊಂಡು ಬಂದ ಪದ್ಧತಿ, ಅಲ್ಲಿ ದೊಡ್ಡ ದೊಡ್ಡ ರೇವನ್ ಕಾಗೆಗಳು ಎದುರಿಗೇ ಬಂದು ಕೂರ್ತಿದ್ವು, ಯೂಕಾನ್‌ಗೆ ಅದೇ ರಾಜ್ಯಪಕ್ಷಿ ಇದ್ದಂಗೆ. ಆದ್ರೆ ಹಾಕಂಗಿಲ್ಲ. ಅವರು ತುತ್ತು ಕೈಲಿ ಹಿಡ್ಕೊಂಡು, ಕಾಗೆ ಕಡೆ ನೋಡಿ ಕಣ್ಮುಚ್ಚಿ ಕೈಮುಗ್ದು, ತಾವೇ ತಿಂದ್ಬಿಟ್ರು. 24 ದಿನಾನೂ ಹಂಗೇ ಮಾಡಿದ್ರು.

ನಡೆಯೋವಾಗ ಎದುರಿಗೇ ಕರಡಿ ಬಂದ್ರೆ?

ಓಡಬಾರ್ದು, ಇದು ಮೊದಲನೇ ಪಾಠ. ಓಡಿದ್ರೆ ಅಟ್ಟಿಸ್ಕೊಂಡು ಬರುತ್ತೆ, ಅದರ ಸ್ಪೀಡಿಗೆ ಯಾರಿಂದ್ಲೂ ಆಗಲ್ಲ. ಚಿಕ್ಕ ಮಕ್ಕಳನ್ನ ತಕ್ಷಣ ಎತ್ಕೊಂಡು, ಎಲ್ರೂ ಒಟ್ಟಿಗೆ ನಿಂತು, ಮೆತ್ತಗೆ ಮಾತಾಡ್ತಾ ಹಿಂದಕ್ಕೆ ಹಿಂದಕ್ಕೆ ಸರೀಬೇಕು. ನಡೆಯೋವಾಗ ಜೋರಾಗಿ ಮಾತಾಡ್ತಾ ಇದ್ರೆ ಅದಕ್ಕೆ ಮೊದಲೇ ಗೊತ್ತಾಗಿ ಅದೇ ದಾರಿ ಬಿಟ್ಟು ಹೋಗುತ್ತೆ, ಮಕ್ಕಳು ಮಗ್ಗಿ ಹೇಳ್ಕೊಂಡು ನಡೀತಿದ್ರು. ಸೊಂಟದಲ್ಲಿ ಬೇರ್ ಸ್ಪ್ರೇ ಇರಲೇಬೇಕು, ಬ್ಯಾಗೊಳಗೆ ಇದ್ರೆ ಪ್ರಯೋಜನ ಇಲ್ಲ. ಅದರಲ್ಲಿರೋದು ಕ್ಯಾಪ್ಸೈಸಿನ್, ನಮ್ಮ ಮೆಣಸಿನಕಾಯಿ ಖಾರದ ಸತ್ವಾನೇ. ಮೈಗೆ ಹಚ್ಕೊಳ್ಳೋ ಸ್ಪ್ರೇ ಅಲ್ಲ ಅದು, ಕರಡಿ ಕೆಲವೇ ಮೀಟರ್ ಹತ್ರ ಬಂದಾಗ ಮುಖಕ್ಕೆ ಹೊಡ್ಯೋದು. ಗಾಳಿ ಯಾವ ಕಡೆ ಇದೆ ನೋಡ್ಕೊಳ್ಳಿ. ವಿಮಾನದಲ್ಲಿ ಬಿಡಲ್ಲ, ಅಲ್ಲೇ ಕೊಂಡು ಅಲ್ಲೇ ಬಿಟ್ಟು ಬನ್ನಿ. ನಮಗೆ ಒಂದ್ಸಲಾನೂ ಅದನ್ನ ಬಳಸೋ ಸಂದರ್ಭ ಬರ್ಲಿಲ್ಲ.

ಏನೇನು ಪ್ರಾಣಿ ನೋಡಿದ್ರಿ?

ಫೋರ್ಟ್ ನೆಲ್ಸನ್ ದಾಟಿದ ಮೇಲೆ ರಸ್ತೇನೇ ಒಂದು ಅಭಯಾರಣ್ಯ ಕಣ್ರೀ. ಕಪ್ಪು ಕರಡಿ 19 ಅಂತ ಮಗನ ಲೆಕ್ಕದ ಪುಸ್ತಕದಲ್ಲಿದೆ, ಅರ್ಧಕ್ಕಿಂತ ಜಾಸ್ತಿ ಬರೋವಾಗ 37ನೇ ಹೈವೇಲಿ. ಮಂಚೋ ಲೇಕ್ ಹತ್ರ ಸ್ಟೋನ್ ಶೀಪ್ ಅನ್ನೋ ಕಾಡುಕುರಿಗಳು ಮಣ್ಣಲ್ಲಿರೋ ಉಪ್ಪು ಖನಿಜ ನೆಕ್ಕೋಕೆ ರಸ್ತೆಗೇ ಇಳೀತವೆ, ತಿರುವಲ್ಲಿ ಗಾಡಿ ನಿಧಾನ ಮಾಡ್ಲೇಬೇಕು. ಲಿಯರ್ಡ್ ಸುತ್ತಮುತ್ತ ಕಾಡೆಮ್ಮೆ ಥರ ವುಡ್ ಬೈಸನ್, ಉತ್ತರ ಅಮೆರಿಕದ ನೆಲದ ಮೇಲಿನ ಅತಿ ದೊಡ್ಡ ಪ್ರಾಣಿ ಅದೇ, ಹಿಂಡು ಹಿಂಡಾಗಿ ಹುಲ್ಲು ಮೇಯ್ತಾ ರಸ್ತೆ ದಾಟ್ತವೆ, ಅರ್ಧ ಗಂಟೆ ಆದ್ರೂ ಕಾಯ್ಬೇಕು, ಹಾರನ್ ಹೊಡೀಬಾರ್ದು.

ನನಗೆ ಮರೆಯೋಕಾಗದೇ ಇರೋದು ಒಂದು ತಾಯಿ ಕರಡಿ. ಜೂನಲ್ಲಿ ಹೈವೇ ಅಂಚಲ್ಲೆಲ್ಲಾ ಹಳದಿ ಡ್ಯಾಂಡೆಲಿಯನ್ ಹೂ, ನಮ್ಮಲ್ಲಿ ಹುಚ್ಚೆಳ್ಳು ಹೊಲ ಹೂ ಬಿಟ್ಟಂಗೆ. ಕರಡಿ ಆ ಹೂ ಮಧ್ಯೆ ಕೂತ್ಕೊಂಡು ನಾಲಗೇಲಿ ಎಳ್ಕೊಂಡು ಎಳ್ಕೊಂಡು ತಿಂತಿತ್ತು, ಮೂತಿ ಎಲ್ಲಾ ಅರಿಶಿನ ಬಳ್ದಂಗೆ. ಎರಡು ಮರಿ. ಒಂದು ಮರಿ ಪಕ್ಕದ ಮರ ಅರ್ಧ ಹತ್ತಿ ನಮ್ಮ ಕಡೆ ನೋಡ್ತು, ತಾಯಿ ಗಂಟಲಲ್ಲಿ ಏನೋ ಸದ್ದು ಮಾಡ್ತು, ಮರಿ ಇಳೀಲೇ ಇಲ್ಲ. ಆಗ ತಮ್ಮ ಗಾಡಿ ಸ್ಟಾರ್ಟ್ ಮಾಡ್ದ, ನಾವಿರೋದಕ್ಕೇ ಅದು ಇಳೀತಿಲ್ಲ ಹೊರಡೋಣ ಅಂತ. ಎರಡು ನಿಮಿಷ ನೋಡಿರ್ಬಹುದು ಅಷ್ಟೇ.

ಮೂಸ್ ಅನ್ನೋ ದೈತ್ಯ ಜಿಂಕೆ ನೋಡಿದ್ದು ಬೆಳಗಿನ ಜಾವ ಜವುಗಿನಲ್ಲಿ, ಕುದುರೆಗಿಂತ ಎತ್ತರ, ತಲೆ ಪೂರ್ತಿ ನೀರೊಳಗೆ ಹಾಕಿ ಬೇರು ಸಮೇತ ಜೊಂಡು ಕಿತ್ಕೊಂಡು ಎತ್ತೋದು, ನೀರು ಸುರಿಯೋ ಸದ್ದು ಮಾತ್ರ ಕೇಳ್ತಿತ್ತು. ಕರಡಿಗಿಂತ ಅದರ ಬಗ್ಗೇನೇ ಜಾಸ್ತಿ ಹುಷಾರಾಗಿರಿ, ಕರು ಜೊತೆ ಇರೋ ತಾಯಿ ಮೂಸ್ ನುಗ್ಗಿದ್ರೆ ತುಳಿಯುತ್ತೆ.

ಎಷ್ಟು ಹತ್ರ ಹೋಗಬಹುದು ಫೋಟೋಗೆ?

ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಲೆಕ್ಕ: ಜಿಂಕೆ, ಎಲ್ಕ್, ಮೂಸ್, ಕುರಿ ಆದ್ರೆ 30 ಮೀಟರ್ ದೂರ, ಕರಡಿ ತೋಳ ಆದ್ರೆ 100 ಮೀಟರ್. ನೂರು ಮೀಟರ್ ಅಂದ್ರೆ ಹತ್ತು ಬಸ್ ಸಾಲಾಗಿ ನಿಲ್ಲಿಸಿದಷ್ಟು. ಮೊಬೈಲಲ್ಲಿ ಚುಕ್ಕಿ ಥರ ಬರುತ್ತೆ. ಒಂದು ಒಳ್ಳೆ ಬೈನಾಕ್ಯುಲರ್ ತಗೊಂಡು ಹೋಗಿ, ಫೋಟೋ ಆಸೆ ಬಿಡಿ. ಗಾಡಿಯಿಂದ ಇಳೀಬೇಡಿ.

ವಯಸ್ಸಾದೋರಿಗೆ ಆಗುತ್ತಾ ಇದೆಲ್ಲಾ?

ಅತ್ತೆಗೆ 67, ಮಂಡಿ ನೋವಿದೆ. ನೆಲದ ಮೇಲೆ ಮಲಗಿ ಏಳೋದು ಆಗಲ್ಲ ಅಂತ ಮಡಚೋ ಮಂಚ ತಗೊಂಡ್ವಿ, ಅದರಿಂದ ಟೆಂಟ್ ದೊಡ್ಡದು ಬೇಕಾಯ್ತು. ಜೂನಲ್ಲೂ ರಾತ್ರಿ 4-5 ಡಿಗ್ರಿ, ಅದಕ್ಕೆ ಒಳ್ಳೆ ಸ್ಲೀಪಿಂಗ್ ಬ್ಯಾಗಿಗೆ ದುಡ್ಡು ಹಾಕಿ, ಬೇರೆದರಲ್ಲಿ ಉಳಿಸಿ. ದಿನಕ್ಕೆ 300-400 ಕಿಲೋಮೀಟರ್ ಮೇಲೆ ಓಡಿಸ್ಲಿಲ್ಲ, ಮೂರು ದಿನಕ್ಕೊಂದ್ಸಲ ಒಂದೇ ಜಾಗದಲ್ಲಿ ಎರಡು ರಾತ್ರಿ. ನಾಲ್ಕು ರಾತ್ರಿ ಮೋಟೆಲ್ ಮಾಡಿದ್ವಿ, ಬಟ್ಟೆ ಒಗೆಯೋಕೆ, ಬಿಸಿ ಸ್ನಾನಕ್ಕೆ. ಮಾತ್ರೆಗಳು ಒಂದು ವಾರ ಹೆಚ್ಚಿಗೇ ಇರಲಿ, ಟ್ರಾವೆಲ್ ಇನ್ಶೂರೆನ್ಸ್ ಇಲ್ದೆ ಹಿರಿಯರನ್ನ ಕರ್ಕೊಂಡು ಹೊರಡಲೇಬೇಡಿ.

ಲಿಯರ್ಡ್ ಬುಗ್ಗೆ ಮಾತ್ರ ಅವರಿಗೆ ಅಂತಲೇ ಇದ್ದಂಗಿತ್ತು. ಜವುಗಿನ ಮೇಲೆ ಮರದ ಹಲಗೆ ದಾರಿ, ಅದರ ಮೇಲೆ ಹತ್ತು ನಿಮಿಷ ನಡೆದ್ರೆ ಕಾಡು ಮಧ್ಯೆ ಬಿಸಿನೀರ ಕೊಳ, 42ರಿಂದ 52 ಡಿಗ್ರಿ. ಬುಗ್ಗೆ ಕಡೆ ಹೋದಷ್ಟೂ ಸುಡುತ್ತೆ, ತುದೀಲಿ ಹದವಾಗಿರುತ್ತೆ. ಅತ್ತೆ ಸೀರೆ ಬಿಟ್ಟು ಬೇರೆ ಉಟ್ಟೋರಲ್ಲ, ಅವತ್ತು ನನ್ನ ಚೂಡಿದಾರ ಹಾಕ್ಕೊಂಡು ಮೆಟ್ಟಲ ಮೇಲೆ ಕುತ್ತಿಗೆ ತನಕ ಮುಳುಗಿ ಕೂತ್ರು, ಎರಡು ಹೊತ್ತೂ ಹೋದ್ರು. ಮಂಡಿ ಹಗುರಾಯ್ತು ಕಣೇ ಅಂದ್ರು ಮಾರನೇ ದಿನ.

ರಾತ್ರಿ ಆಗೋದೇ ಇಲ್ವಂತೆ? ಆರೋರಾ ಕಾಣಿಸ್ತಾ?

ವೈಟ್‌ಹಾರ್ಸಲ್ಲಿ ಜೂನ್ 21ರ ಹೊತ್ತಿಗೆ ಸೂರ್ಯ 19 ಗಂಟೆ ಮೇಲಿರ್ತಾನೆ, ಮುಳುಗಿದ ಮೇಲೂ ಮುಸ್ಸಂಜೆ ಥರ ಬೆಳಕು. ಆಕಾಶ ಕಪ್ಪಾಗದೇ ಇರೋದ್ರಿಂದ ಆರೋರಾ, ಅಂದ್ರೆ ರಾತ್ರಿ ಆಕಾಶದಲ್ಲಿ ಆಡೋ ಬಣ್ಣದ ಬೆಳಕು, ಕಾಣಲ್ಲ, ಅದು ಬೇಕು ಅಂದ್ರೆ ಆಗಸ್ಟ್ ಕೊನೆಗೆ ಹೋಗಿ. ಮಕ್ಕಳಿಗೆ ಕಣ್ಣು ಮುಚ್ಚೋ ಪಟ್ಟಿ ತಗೊಳ್ಳಿ, ಗಡಿಯಾರ ನೋಡಿ ಮಲಗಿಸ್ಬೇಕು.

ಸೊಳ್ಳೆ?

ಇದಾವೆ, ಮೋಡದಂಗೆ. ಡೀಟ್ ಇಲ್ಲಾ ಪಿಕಾರಿಡಿನ್ ಇರೋ ಲೋಶನ್ನು, ತಲೆ ಮೇಲಿಂದ ಹಾಕೋ ಬಲೆ ಟೋಪಿ, ತಿಳಿ ಬಣ್ಣದ ತುಂಬು ತೋಳಿನ ಬಟ್ಟೆ. ಗಾಳಿ ಬೀಸೋ ಸರೋವರದ ದಡದಲ್ಲಿ ಟೆಂಟ್ ಹಾಕಿದ್ರೆ ಕಮ್ಮಿ.

ಗಾಡಿ ಕೆಟ್ರೆ? ನೆಟ್‌ವರ್ಕ್ ಸಿಗುತ್ತಾ?

ಊರು ಬಿಟ್ಟ ಹತ್ತು ಹದಿನೈದು ಕಿಲೋಮೀಟರ್‌ಗೆ ನೆಟ್‌ವರ್ಕ್ ಹೋಯ್ತು ಅಂದ್ರೆ ಮುಂದಿನ ಊರಿಗೇ ಬರೋದು. ಮ್ಯಾಪ್ ಡೌನ್‌ಲೋಡ್ ಮಾಡ್ಕೊಳ್ಳಿ, ಪೇಪರ್ ಮ್ಯಾಪೂ ಇರಲಿ. ಬಂಕಿಗೂ ಬಂಕಿಗೂ 150 ಕಿಲೋಮೀಟರ್ ಮೇಲೆ ಇರೋ ಜಾಗಗಳಿವೆ, ಅರ್ಧ ಟ್ಯಾಂಕ್ ಆದ್ರೆ ತುಂಬಿಸ್ಬಿಡಿ, ರೇಟ್ ನೋಡ್ಬೇಡಿ. ಹಗಲಲ್ಲೂ ಹೆಡ್‌ಲೈಟ್ ಹಾಕ್ಕೊಂಡೇ ಓಡಿಸ್ಬೇಕು.

ನಮಗೆ ಟೆಸ್ಲಿನ್ ಹತ್ರ ಜಲ್ಲಿ ರಸ್ತೇಲಿ ಟೈರ್ ಹೋಯ್ತು. ಬಾಡಿಗೆ ವ್ಯಾನು, ಸ್ಟೆಪ್ನಿ ತೆಗೆದು ನೋಡಿದ್ರೆ ಅದರಲ್ಲಿ ಗಾಳೀನೇ ಇಲ್ಲ. ಕೊಡೋವಾಗ ಎಲ್ಲಾ ಚೆಕ್ ಆಗಿದೆ ಅಂದಿದ್ರು, ನಾವೂ ಬಗ್ಗಿ ನೋಡ್ಲಿಲ್ಲ. ಒಂದು ಗಂಟೆ ನಿಂತಿದ್ವಿ, ಆಮೇಲೆ ಒಬ್ರು ಹಿರಿಯರು ಪಿಕಪ್ ನಿಲ್ಲಿಸಿ ತಮ್ಮ ಕಂಪ್ರೆಸರ್‌ನಲ್ಲಿ ಗಾಳಿ ತುಂಬಿಸಿಕೊಟ್ರು, ದುಡ್ಡು ಮುಟ್ಲಿಲ್ಲ, ಅತ್ತೆ ಕೊಟ್ಟ ಕೋಡುಬಳೆ ಮಾತ್ರ ತಗೊಂಡ್ರು. ಆ ಹೈವೇಲಿ ಯಾರಾದ್ರೂ ನಿಂತಿದ್ರೆ ನೀವೂ ನಿಲ್ಲಿಸಿ ಕೇಳಿ, ಅಲ್ಲಿನ ನಡವಳಿಕೆ ಅದು. ಗಾಡಿ ತಗೊಳ್ಳೋವಾಗ ಸ್ಟೆಪ್ನಿ, ಜಾಕು ನೀವೇ ತೆಗೆದು ನೋಡಿ, ಗಾಳಿ ತುಂಬೋ ಚಿಕ್ಕ ಪಂಪು ಕೊಂಡ್ಕೊಳ್ಳಿ.

ಮಕ್ಕಳಿಗೆ ಬೋರ್ ಆಗ್ಲಿಲ್ವಾ?

ವಾಟ್ಸನ್ ಲೇಕಲ್ಲಿ ಬೋರ್ಡುಗಳ ಕಾಡು ಅಂತಿದೆ. 1942ರಲ್ಲಿ ರಸ್ತೆ ಕೆಲಸಕ್ಕೆ ಬಂದಿದ್ದ ಒಬ್ಬ ಸೈನಿಕ, ಊರ ನೆನಪಾಗಿ ತನ್ನೂರಿನ ಹೆಸರು, ದೂರ ಬರ್ದು ಒಂದು ಬೋರ್ಡ್ ಹಾಕ್ದ, ಅಲ್ಲಿಂದ ಬಂದೋರೆಲ್ಲಾ ಹಾಕ್ತಾ ಬಂದು ಈಗ 80 ಸಾವಿರಕ್ಕೂ ಮೇಲಿವೆ. ನಮ್ಮ ಮಕ್ಕಳು ಮನೇಲೇ ಹಲಗೆ ಮೇಲೆ ಕನ್ನಡದಲ್ಲಿ ತುಮಕೂರು ಅಂತ ಪೇಂಟ್ ಮಾಡ್ಕೊಂಡು ತಂದಿದ್ರು, ಮಗ ಮೊಳೆ ಹೊಡ್ದ, ಮಗಳು ನೆಟ್ಟಗಿದ್ಯಾ ನೋಡಿದ್ಲು.

ಕ್ಲುವಾನಿಯಲ್ಲಿ ಅವರಿಗೆ ತಿಳಿದ ವಿಷಯ ನನಗೂ ಹೊಸದು. ಆ ಸರೋವರಕ್ಕೆ ನೀರು ತರ್ತಿದ್ದ ಹಿಮನದಿ ಕರಗಿ ಹಿಂದೆ ಸರಿದು, 2016ರಲ್ಲಿ ಕರಗಿದ ನೀರೆಲ್ಲಾ ಬೇರೆ ಕಣಿವೆ ಕಡೆ ತಿರುಗಿಬಿಡ್ತು. ಕೆಲವೇ ದಿನದಲ್ಲಿ ಒಂದು ನದಿ ಹೆಚ್ಚುಕಮ್ಮಿ ಬತ್ತೋಯ್ತು, ಸರೋವರ ಇಳೀತು. ಈಗ ನದಿ ಇದ್ದ ಜಾಗದಲ್ಲಿ ಗಾಳಿ ಬೀಸಿದ್ರೆ ಬೂದಿ ಥರ ಧೂಳೇಳುತ್ತೆ. ನಮ್ಮ ಜಯಮಂಗಲಿ ಹೊಳೆ ಮರಳು ನೋಡಿ ಬೆಳೆದ ಮಕ್ಕಳಿಗೆ ಒಣ ನದಿ ಹೊಸದೇನಲ್ಲ, ಆದ್ರೆ ಎದುರಿಗೇ ಹಿಮದ ಬೆಟ್ಟ ಇಟ್ಕೊಂಡು ಒಣಗಿರೋದು ನೋಡಿ ಸುಮ್ಮನಾಗ್ಬಿಟ್ರು.

ಟಾಯ್ಲೆಟ್ಟು, ನೀರು?

ಸರ್ಕಾರಿ ಕ್ಯಾಂಪ್‌ಗ್ರೌಂಡಲ್ಲಿ ಗುಂಡಿ ಟಾಯ್ಲೆಟ್, ಕ್ಲೀನಾಗಿರುತ್ತೆ, ನೀರಿರಲ್ಲ, ಚೊಂಬು ನೀವೇ ತಗೊಂಡು ಹೋಗಿ. ಕುಡಿಯೋ ನೀರು ಕುದಿಸಿಯೇ ಕುಡೀರಿ. ಯೂಕಾನಲ್ಲಿ ಸೌದೆ ಬಾಡಿಗೇಲೇ ಸೇರಿರುತ್ತೆ. ಒಂದು ಕಡೆ ಸೌದೆ ಇನ್ನೊಂದು ಕಡೆಗೆ ಸಾಗಿಸ್ಬೇಡಿ, ಮರದ ಹುಳ ಹರಡುತ್ತೆ.

ಕಾಡ್ಗಿಚ್ಚಿನ ಭಯ?

ಇದು ನಿಜವಾದ ಭಯ, ಕರಡಿಗಿಂತ. 2024ರ ಜುಲೈನಲ್ಲಿ ಜಾಸ್ಪರ್ ಊರಿನ ಸುಮಾರು ಮೂರನೇ ಒಂದು ಭಾಗ ಸುಟ್ಟೋಯ್ತು, ನಾವು ಬರೋವಾಗ ದಾರಿ ಎರಡೂ ಕಡೆ ಕಪ್ಪು ಕಂಬಗಳಂಗೆ ಮರ ನಿಂತಿದ್ವು. ದಿನಾ ಬೆಳಿಗ್ಗೆ ರಸ್ತೆ ಮತ್ತೆ ಬೆಂಕಿ ಮಾಹಿತಿ ನೋಡ್ಕೊಂಡೇ ಹೊರಡಿ, ಬೆಂಕಿ ಹಚ್ಚಬಾರ್ದು ಅಂತ ಬೋರ್ಡಿದ್ರೆ ಒಂದು ಕಡ್ಡಿನೂ ಗೀರ್ಬೇಡಿ, ರೂಟ್ ಬದಲಾಯಿಸೋಕೆ ಮೂರು ದಿನ ಕೈಲಿ ಇಟ್ಕೊಂಡಿರಿ.

ಅಷ್ಟು ದುಡ್ಡು ಹಾಕಿ ಅಲ್ಲಿಗೇ ಯಾಕೆ, ನಮ್ಮಲ್ಲಿ ಕರಡಿ ಇಲ್ವಾ?

ಇದೆ. ಮಧುಗಿರಿ, ಕೊರಟಗೆರೆ, ಪಾವಗಡ ಕಡೆ ಬಂಡೆ ಗುಡ್ಡಗಳಲ್ಲೆಲ್ಲಾ ಕರಡಿ ಇದಾವೆ, ಗೆದ್ದಲು ಹಣ್ಣು ಜೇನು ತಿನ್ನೋವು, ಬೆಳಗಿನ ಜಾವ ಹೊಲಕ್ಕೆ ಹೋದೋರಿಗೆ ಎದುರಾಗಿ ಕಚ್ಚಿದ್ದೂ ಇದೆ. ಮೈದನಹಳ್ಳೀಲಿ ಕೃಷ್ಣಮೃಗ, ಬುಕ್ಕಾಪಟ್ಟಣದಲ್ಲಿ ಚಿಂಕಾರ. ನಾನು ತುಮಕೂರಲ್ಲೇ ಹುಟ್ಟಿ ಬೆಳೆದೋಳು, ಮೈದನಹಳ್ಳಿಗೆ ಮೊದಲನೇ ಸಲ ಹೋಗಿದ್ದು ಯೂಕಾನಿಂದ ವಾಪಸ್ ಬಂದ್ಮೇಲೆ, ಮಗನ ಒತ್ತಾಯಕ್ಕೆ. ಬೆಳಿಗ್ಗೆ ಆರೂವರೆಗೆ ಹುಲ್ಲಲ್ಲಿ ಗಂಡು ಕೃಷ್ಣಮೃಗ ಕೊಂಬು ಎತ್ತಿ ನಿಂತಿತ್ತು, ಮಗ ಹೆಜ್ಜೆ ಲೆಕ್ಕ ಹಾಕಿ ಇಲ್ಲಿಂದ ಮುಂದೆ ಬೇಡ ಅಂತ ಎಲ್ರನ್ನೂ ನಿಲ್ಲಿಸ್ದ.

ಹೋದ ಭಾನುವಾರ ದೇವರಾಯನದುರ್ಗಕ್ಕೆ ಹೋಗಿದ್ವಿ. ಮೆಟ್ಟಲ ಹತ್ರ ಕೋತಿಗಳಿಗೆ ಯಾರೋ ಚಿಪ್ಸ್ ಪ್ಯಾಕೆಟ್ ಹಾಗೇ ಎಸೀತಿದ್ರು. ಮಗಳು ಹತ್ರ ಹೋಗಿ, ಅಂಕಲ್ ಕೊಡ್ಬೇಡಿ, ಆಮೇಲೆ ಅವು ಜನರ ಮೇಲೆ ಬೀಳ್ತವೆ, ಆಗ ಅವಕ್ಕೇ ಹೊಡೀತಾರೆ ಅಂದ್ಲು. ಅವರು ಒಂದು ಕ್ಷಣ ನೋಡಿ ಇನ್ನೊಂದು ಪ್ಯಾಕೆಟ್ ಜೇಬಿಗೆ ಹಾಕ್ಕೊಂಡ್ರು. ಇವಳು ಕೆಳಗೆ ಬಿದ್ದಿದ್ದ ಖಾಲಿ ಪ್ಯಾಕೆಟ್ ಎತ್ಕೊಂಡು ಬಂದು ಮಡಚಿ ನಮ್ಮ ಕಾರಲ್ಲಿರೋ ಕಸದ ಕವರಿಗೆ ಹಾಕಿ ಗಂಟು ಕಟ್ಟಿದ್ಲು.